ಎರಡು ಟೋಪಿ, ಒಂದೇ ತಲೆ

೧೯೫೮ನೆಯ ಇಸವಿ ಮೇ ೨೦ರಂದು ಅಮೆರಿಕದ ಮೇರಿಲೆಂಡ್ ಸಂಸ್ಥಾನದ ಬ್ರನ್ಸ್‌ವಿಕ್ ಎಂಬ ಊರಿನ ಬಳಿ ಆಕಾಶದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದವು. ಒಂದು ಪ್ರಯಾಣಿಕರ ವೈಕೌಂಟ್ ವಿಮಾನ. ಇನ್ನೊಂದು ಆ ಸಂಸ್ಥಾನದ ನ್ಯಾಷನಲ್ ಗಾರ್ಡ್ ಪಡೆಗೆ ಸೇರಿದ ಸಣ್ಣ ಜೆಟ್. ವೈಕೌಂಟಿನಲ್ಲಿದ್ದ ೧೧ ಮಂದಿಯೂ ಸತ್ತರು. ಜೆಟ್ಟಿನಲ್ಲಿ ಜೊತೆಗಿದ್ದವನೂ ಸತ್ತ. ಜೆಟ್ ನಡೆಸುತ್ತಿದ್ದವನು ಮಾತ್ರ ಗಾಯಗೊಂಡು ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ.

ಸತ್ತವರ ಮನೆಯವರು ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದಾಗ ಎದ್ದ ಪ್ರಶ್ನೆ ಸರಳವಾಗಿ ಕಂಡರೂ ಅದು ಇತ್ಯರ್ಥವಾಗಲು ಏಳು ವರ್ಷ ಹಿಡಿಯಿತು: ಆ ಪೈಲಟ್ ಯಾರ ಆಳು? ಅವನು ಗಾರ್ಡಿನಲ್ಲಿ ಎರಡು ಬಗೆಯಲ್ಲಿ ಇದ್ದವನು. ಒಂದು ಕಡೆ ಸೈನ್ಯದ ಕ್ಯಾಪ್ಟನ್; ಇನ್ನೊಂದು ಕಡೆ ಅದೇ ಗಾರ್ಡಿನ ವಿಮಾನಗಳ ದುರಸ್ತಿ ನೋಡಿಕೊಳ್ಳುವ ಸಂಬಳದ ನೌಕರ. ಸಂಬಳ ಬರುತ್ತಿದ್ದುದು ವಾಷಿಂಗ್ಟನ್ನಿನ ಖಜಾನೆಯಿಂದ, ನೇಮಕ ಮಾಡುತ್ತಿದ್ದುದು ಸಂಸ್ಥಾನ. ೧೯೬೫ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಯಾವ ಟೋಪಿ ಹಾಕಿಕೊಂಡಿದ್ದರೂ ಅವನು ಸಂಸ್ಥಾನದ ನೌಕರನೇ, ಆದ್ದರಿಂದ ಅವನ ತಪ್ಪಿಗೆ ಕೇಂದ್ರ ಸರಕಾರ ಹೊಣೆಯಲ್ಲ.

ಈ ತೀರ್ಪು ವಿಮಾನಾಪಘಾತದ ದಾವೆಯಲ್ಲಿ ಬಂದದ್ದಾದರೂ ಅದರ ನೆರಳು ಗಾರ್ಡಿನ ಸಾವಿರಾರು ತಂತ್ರಜ್ಞರ ಮೇಲೆ ಬಿದ್ದಿತು. ಸಂಸ್ಥಾನದ ನೌಕರರೆಂದ ಮೇಲೆ ಕೇಂದ್ರ ನೌಕರರ ನಿವೃತ್ತಿವೇತನವೂ ಇಲ್ಲ, ವೈದ್ಯಕೀಯ ವಿಮೆಯೂ ಇಲ್ಲ. ಆ ವಿಮೆಯೇ ಆಗ ಹೊಸದು. ಅಧ್ಯಕ್ಷ ಐಸೆನ್‌ಹೋವರ್ ೧೯೫೯ರ ಸೆಪ್ಟೆಂಬರಿನಲ್ಲಿ ಸಹಿ ಮಾಡಿದ ಕಾಯಿದೆಯಂತೆ ೧೯೬೦ರ ಜುಲೈಯಿಂದ ಅಂಚೆಯವನಿಂದ ಹಿಡಿದು ಸುಂಕದ ಕಟ್ಟೆಯವನವರೆಗೆ ಕೇಂದ್ರದ ನೌಕರರಿಗೆ ಆರೋಗ್ಯ ವಿಮೆ ದೊರೆಯತೊಡಗಿತ್ತು. ಕಂತಿನ ಒಂದು ಪಾಲು ಸರಕಾರದ್ದು, ಉಳಿದದ್ದು ನೌಕರನದು. ಈ ಸೌಲಭ್ಯಗಳು ತಮಗೂ ಸಲ್ಲಬೇಕೆಂಬುದು ಗಾರ್ಡಿನ ತಂತ್ರಜ್ಞರ ಅಪೇಕ್ಷೆ. ೧೯೬೮ರ ಆಗಸ್ಟಿನಲ್ಲಿ ಅದು ಈಡೇರಿತು. ನ್ಯಾಷನಲ್ ಗಾರ್ಡ್ ತಂತ್ರಜ್ಞರ ಕಾಯಿದೆ ಅವರನ್ನು ಕೇಂದ್ರದ ನೌಕರರನ್ನಾಗಿ ಮಾಡಿತು.

ಆದರೆ ಒಂದು ಕಟ್ಟಳೆಯೊಡನೆ. ತಂತ್ರಜ್ಞನ ಕೆಲಸ ಬೇಕಾದರೆ ಗಾರ್ಡಿನ ಸೈನಿಕನಾಗಿರಲೇಬೇಕು. ಸೈನಿಕತ್ವ ಹೋದ ದಿನ ಕೆಲಸವೂ ಹೋಯಿತು. ಮಂಗಳವಾರ ಅವನು ಸಮವಸ್ತ್ರ ತೊಟ್ಟು ಹ್ಯಾಂಗರಿನಲ್ಲಿ ಎಂಜಿನ್ ಬಿಚ್ಚಿದರೆ ಸಿವಿಲ್ ನೌಕರ. ಕವಾಯತಿನ ಭಾನುವಾರ ಅದೇ ಸಮವಸ್ತ್ರದಲ್ಲಿ, ಅದೇ ಹ್ಯಾಂಗರಿನಲ್ಲಿ, ಅದೇ ಎಂಜಿನ್ ಬಿಚ್ಚಿದರೆ ಸಿಪಾಯಿ. ಈ ವಿಚಿತ್ರವನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯ ಕೀಲು ಅಲ್ಲಿದೆ.

ಮೀಸಲು ಸೈನಿಕನೆಂದರೆ ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ ಕವಾಯತು ಮಾಡಿ ಉಳಿದ ದಿನ ತನ್ನ ಕಸುಬು ನೋಡಿಕೊಳ್ಳುವವನು. ಬಹುಕಾಲ ಅವನ ಕಾಯಿಲೆ ಕಸಾಲೆ ಅವನ ಪಾಡು ಎಂದೇ ಸೈನ್ಯ ಎಣಿಸಿತ್ತು. ಕೊಲ್ಲಿ ಯುದ್ಧಕ್ಕೆ ಕರೆ ಬಂದಾಗ ಹಲ್ಲು ಹುಳುಕಿನಂಥ ಸಾಧಾರಣ ಕಾರಣಕ್ಕೆ ಹೊರಡಲಾರದವರು ಕಂಡುಬಂದರು. ೨೦೦೦ನೆಯ ಇಸವಿಯ ಸಮೀಕ್ಷೆಯಲ್ಲಿ ಮೀಸಲು ಸೈನಿಕರ ಪೈಕಿ ಸುಮಾರು ಐದರಲ್ಲೊಬ್ಬನಿಗೆ ವಿಮೆಯೇ ಇರಲಿಲ್ಲ. ೨೦೦೧ರ ಸೆಪ್ಟೆಂಬರ್ ೧೧ರ ಅನಂತರ ಇವರನ್ನು ಲಕ್ಷಗಟ್ಟಲೆ ಕರೆಯಬೇಕಾಗಿ ಬಂದಾಗ ಈ ಲೆಕ್ಕ ಅಧಿಕಾರಿಗಳ ನಿದ್ದೆ ಕೆಡಿಸಿತು. ಸೆನೆಟಿನಲ್ಲಿ ಎದುರುಬದುರು ಪಕ್ಷಗಳ ಲಿಂಡ್ಸೆ ಗ್ರಹಾಂ ಮತ್ತು ಟಾಮ್ ಡ್ಯಾಶ್ಲ್ ಜೊತೆಗೂಡಿ ಒತ್ತಾಯ ಹಾಕಿದರು.

ಅದರ ಫಲ, ೨೦೦೫ರ ಏಪ್ರಿಲಿನಲ್ಲಿ ಆರಂಭವಾದ ‘ಟ್ರೈಕೇರ್ ರಿಸರ್ವ್ ಸೆಲೆಕ್ಟ್’ ಎಂಬ ಯೋಜನೆ. ಮೊದಲು ಅದು ಯುದ್ಧಕಾರ್ಯಕ್ಕೆ ಹೋಗಿ ಬಂದವರಿಗೆ ಮಾತ್ರ. ೨೦೦೭ರ ಅಕ್ಟೋಬರ್ ೧ರಿಂದ ಆಯ್ದ ಮೀಸಲು ಪಡೆಯವರೆಲ್ಲರಿಗೂ ಬಾಗಿಲು ತೆರೆಯಿತು. ಖರ್ಚಿನ ನೂರಕ್ಕೆ ೨೮ ಪಾಲು ಸೈನಿಕನದು, ಉಳಿದದ್ದು ಸರಕಾರದ್ದು. ಒಬ್ಬನಿಗೆ ತಿಂಗಳಿಗೆ ೮೧ ಡಾಲರ್, ಕುಟುಂಬಕ್ಕೆ ೨೫೩. ಈ ಕಂತು ನಿಜವಾದ ಖರ್ಚಿಗಿಂತ ಹೆಚ್ಚಾಯಿತೆಂದು ಲೆಕ್ಕತಪಾಸಣೆಯವರು ಎತ್ತಿ ತೋರಿಸಿದ ಮೇಲೆ ೨೦೦೯ರಲ್ಲಿ ಅದು ೪೭.೫೧ ಮತ್ತು ೧೮೦.೧೭ ಡಾಲರಿಗೆ ಇಳಿಯಿತು. ವಿಮೆಯ ಕಂತು ಇಳಿದ ಸುದ್ದಿ ಎಲ್ಲಿಯೂ ಅಪರೂಪವೇ.

ಎಲ್ಲರಿಗೂ ಎಂದೆನಷ್ಟೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಅದೇ ಕಾಯಿದೆಯೊಳಗೆ ಒಂದು ಸಾಲು ಸೇರಿಕೊಂಡಿತ್ತು: ಕೇಂದ್ರ ನೌಕರರ ವಿಮೆಗೆ ಅರ್ಹನಾದವನಿಗೆ ಈ ವಿಮೆ ಇಲ್ಲ. ಆ ವಿಮೆಯನ್ನು ತೆಗೆದುಕೊಂಡವನಿಗೆ ಎಂದಲ್ಲ, ಅರ್ಹನಾದರೆ ಸಾಕು. ಅದು ದುಬಾರಿಯೆಂದು ಬಿಟ್ಟು ಬರಿಗೈಯಲ್ಲಿ ಕುಳಿತವನಿಗೂ ಬಾಗಿಲು ಮುಚ್ಚಿತು. ಗ್ರಹಾಂ ಅವರೇ ಆಗ ವಾಯುಪಡೆಯ ಮೀಸಲು ಅಧಿಕಾರಿಯಾಗಿದ್ದರು. ಸೆನೆಟರರಿಗೂ ಆಗ ನೌಕರರ ವಿಮೆಯೇ ಸಲ್ಲುತ್ತಿದ್ದುದರಿಂದ ತಾವು ಹೋರಾಡಿ ತಂದದ್ದು ಅವರಿಗೇ ದಕ್ಕುವಂತಿರಲಿಲ್ಲ. ಅವರ ವಿಷಯ ಬಿಡಿ. ಹ್ಯಾಂಗರಿನ ತಂತ್ರಜ್ಞನನ್ನು ನೋಡಿ. ಅವನು ಸೈನಿಕನಾಗಿರಬೇಕೆಂದು ಕಟ್ಟುಮಾಡಿದ್ದು ಅವನ ಕೆಲಸ. ಸೈನಿಕರ ವಿಮೆಯನ್ನು ಅವನಿಗೆ ತಪ್ಪಿಸಿದ್ದೂ ಅದೇ ಕೆಲಸ. ೧೯೬೮ರಲ್ಲಿ ವರವಾಗಿ ಬಂದದ್ದು ೨೦೦೭ರಲ್ಲಿ ಬೇಲಿಯಾಯಿತು.

ನ್ಯಾಯವಾಗಿ ಹೇಳುವುದಾದರೆ ಸರಕಾರದ ಕಡೆಗೂ ಮಾತಿದೆ. ನೌಕರನೇನೂ ವಿಮೆಯಿಲ್ಲದ ಅನಾಥನಲ್ಲ. ಅವನ ವಿಮೆಗೂ ಸರಕಾರ ಸರಾಸರಿ ಕಂತಿನ ನೂರಕ್ಕೆ ೭೨ರಷ್ಟು ಕೊಡುತ್ತದೆ. ಹಾಗಾದರೆ ಇಬ್ಬರ ಪಾಲೂ ೨೮ ತಾನೆ, ಜಗಳವೇಕೆ? ಪಾಲು ಒಂದೇ ಆದರೂ ಪಾತ್ರೆ ಬೇರೆ. ನೌಕರರ ವಿಮೆಯ ಲೆಕ್ಕದಲ್ಲಿ ನಿವೃತ್ತರೂ ವಯಸ್ಸಾದವರೂ ಇದ್ದಾರೆ. ಅದರ ಒಟ್ಟು ಖರ್ಚು ಹಿರಿದು. ಮೀಸಲು ಸೈನಿಕರ ಗುಂಪು ಕಿರಿಯರದು. ೨೦೨೦ರಲ್ಲಿ ಸೈನಿಕನ ಕುಟುಂಬಕ್ಕೆ ತಿಂಗಳ ಕಂತು ೨೨೮.೨೭ ಡಾಲರ್, ನೌಕರರು ಹೆಚ್ಚಾಗಿ ಆರಿಸುತ್ತಿದ್ದ ಯೋಜನೆಗಳಲ್ಲಿ ಕುಟುಂಬದ ಕಂತು ಇದಕ್ಕಿಂತ ಬಹಳ ಮೇಲೆ. ಎಲ್ಲರೂ ಈ ಕಡೆಗೆ ಬಂದರೆ ಸಿವಿಲ್ ಇಲಾಖೆಗಳ ಹೊರೆ ರಕ್ಷಣಾ ಇಲಾಖೆಯ ತಲೆಗೆ ಬೀಳುತ್ತದೆಂಬುದು ಅಳುಕು. ಖಜಾನೆ ಒಂದೇ, ಅಳಿಯ ಅಲ್ಲ, ಮಗಳ ಗಂಡ. ಆದರೂ ಇಲಾಖೆಗೊಂದು ಖಾತೆಯಿದ್ದಾಗ ಈ ವ್ಯತ್ಯಾಸ ಗುಮಾಸ್ತನಿಗೆ ದೊಡ್ಡದೇ.

ಯುದ್ಧಕ್ಕೆ ಕರೆ ಬಂದಾಗಲಂತೂ ಸರಕಾರ ಕೈ ಬಿಗಿಹಿಡಿದಿಲ್ಲ. ಮೂವತ್ತು ದಿನಕ್ಕೆ ಮೇಲ್ಪಟ್ಟ ಕರೆಯಾದರೆ ಅವನೂ ಅವನ ಮನೆಯವರೂ ಪೂರ್ಣ ಸೈನಿಕರಂತೆ ಟ್ರೈಕೇರಿಗೆ ಸೇರುತ್ತಾರೆ. ನೌಕರರ ವಿಮೆಯನ್ನು ೨೪ ತಿಂಗಳವರೆಗೆ ಉಳಿಸಿಕೊಳ್ಳಲೂಬಹುದು. ಯುದ್ಧಕಾರ್ಯವಾದರೆ ನೌಕರನ ಪಾಲನ್ನೂ ಇಲಾಖೆಯೇ ಕಟ್ಟಲು ಅವಕಾಶವಿದೆ. ತೊಡಕು ಇರುವುದು ಕರೆ ಇಲ್ಲದ ಉದ್ದನೆಯ ವರ್ಷಗಳಲ್ಲಿ, ಮತ್ತು ದಾಟುವ ಹೊಸ್ತಿಲಲ್ಲಿ. ಗಂಡ ದಂಡಿಗೆ ಹೋದಾಗ ಟ್ರೈಕೇರಿಗೆ ಬಂದ ಬಸುರಿ ಹೆಂಡತಿ ಅಲ್ಲಿ ಒಬ್ಬ ವೈದ್ಯನಿಗೆ ಹೊಂದಿಕೊಂಡಿರುತ್ತಾಳೆ. ಅವನು ಹಿಂತಿರುಗಿ ಕೆಲವು ತಿಂಗಳಾಗುವಷ್ಟರಲ್ಲಿ ಆ ಪಟ್ಟಿ ಮುಗಿದು ಹಳೆಯ ಪಟ್ಟಿಗೆ ಮರಳಬೇಕು. ಪಕ್ಕದ ಮನೆಯ ಮೀಸಲು ಸೈನಿಕ ಅಂಗಡಿಯಲ್ಲಿ ಕೆಲಸ ಮಾಡುವವನಾದರೆ ಅವನ ಮನೆಯವರು ಅದೇ ಟ್ರೈಕೇರಿನಲ್ಲಿ, ಅದೇ ವೈದ್ಯನ ಬಳಿ ಮುಂದುವರಿಯಬಹುದು.

ಹನ್ನೆರಡು ವರ್ಷ ದೂರು ಕೇಳಿದ ಮೇಲೆ ಕಾಂಗ್ರೆಸ್ಸು ಬೇಲಿ ಕೀಳಲು ಒಪ್ಪಿತು. ೨೦೧೯ರ ಡಿಸೆಂಬರಿನಲ್ಲಿ ಸಹಿಯಾದ ರಕ್ಷಣಾ ಕಾಯಿದೆಯಲ್ಲಿ ಆ ಒಂದು ಸಾಲು ಹೋಗಬೇಕೆಂದು ಬರೆದರು. ಯಾವಾಗಿನಿಂದ? ೨೦೩೦ರ ಜನವರಿ ೧ರಿಂದ. ಹೊಸ ಕಾಯಿದೆಯ ಖರ್ಚನ್ನು ಅಲ್ಲಿ ಹತ್ತು ವರ್ಷದ ಅವಧಿಗೆ ಲೆಕ್ಕ ಹಾಕುವ ಪದ್ಧತಿ. ೨೦೨೦ನೆಯ ಹಣಕಾಸು ವರ್ಷದಿಂದ ಎಣಿಸಿದರೆ ಆ ಅವಧಿ ಮುಗಿಯುವುದು ೨೦೨೯ರ ಸೆಪ್ಟೆಂಬರಿಗೆ. ಕಾಯಿದೆ ಜಾರಿಯಾಗುವುದು ಅದಕ್ಕೆ ಮೂರು ತಿಂಗಳ ಆಚೆ. ಇದು ಆಕಸ್ಮಿಕವೋ ಅಲ್ಲವೋ, ಕೇಳುಗರು ತಾವೇ ಊಹಿಸಿಕೊಳ್ಳಬಹುದು.

೨೦೦೭ರಲ್ಲಿ ಮೂವತ್ತೈದು ವರ್ಷದವನಾಗಿದ್ದ ತಂತ್ರಜ್ಞನಿಗೆ ಆ ದಿನ ಐವತ್ತೇಳೋ ಐವತ್ತೆಂಟೋ ಆಗಿರುತ್ತದೆ. ಗಾರ್ಡಿನಲ್ಲಿ ಸಾಮಾನ್ಯವಾಗಿ ಅರವತ್ತಕ್ಕೆ ಸಮವಸ್ತ್ರ ಕಳಚಬೇಕು.