ಮಾದರಿ ರೈಲುಮಾರ್ಗದಲ್ಲಿ ಶಾರ್ಟ್ ಸರ್ಕ್ಯೂಟ್ ತಡೆ
ಎರಡು ಹಳಿಗಳ ಮಾದರಿ ರೈಲಿಗೆ ಸಾಮಾನ್ಯವಾಗಿ 12 ವೋಲ್ಟ್ ಡಿ.ಸಿ. ವಿದ್ಯುತ್ತು ಹಳಿಗಳಿಂದಲೇ ಸಿಗುತ್ತದೆ. ಒಂದು ಹಳಿ ಧನ, ಇನ್ನೊಂದು ಋಣ. ಇವು ಮೋಟರಿನ ಮೂಲಕವಲ್ಲದೆ ನೇರವಾಗಿ ತಾಗಿದರೆ ಶಾರ್ಟ್. ಪುಣೆಯಲ್ಲಿ, ಕೋಥ್ರುಡ್‌ನ ಜೋಶಿ ಕಿರು ರೈಲ್ವೆ ವಸ್ತುಸಂಗ್ರಹಾಲಯ 1998ರಲ್ಲಿ ತೆರೆಯಿತು. ಈ ಹವ್ಯಾಸದವರು ನೋಡಲೇಬೇಕಾದ ತಾಣ.

ಹೆಚ್ಚು ಕಾಡುವುದು ಹಿಂತಿರುಗುವ ಕುಣಿಕೆ. ಹಳಿ ಸುತ್ತಿ ತನ್ನನ್ನೇ ಸೇರುವಾಗ ಎಡಹಳಿ ಬಲಹಳಿಗೆ ಕೂಡಿ ಧನ-ಋಣ ಒಂದಾಗುತ್ತವೆ. ಕುಣಿಕೆಯ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಜೋಡಕ ಹಾಕಬೇಕು. ಬೇರ್ಪಟ್ಟ ಭಾಗ ಇಡೀ ರೈಲಿಗಿಂತ ಉದ್ದವಿರಬೇಕು, ಅದಕ್ಕೆ ಧ್ರುವ ಬದಲಿಸುವ ಸ್ವಿಚ್ಚೂ ಬೇಕು. ಎರಡು ಹಳಿಗಳ ತಂತಿಗಳಿಗೆ ಬೇರೆಬೇರೆ ಬಣ್ಣವಿರಲಿ. ಪ್ರತಿ ಬೆಸುಗೆಯ ನಂತರ ವಿದ್ಯುತ್ ಕಡಿದು, ಎಂಜಿನ್ ಎತ್ತಿಟ್ಟು, ಹಳಿಗಳ ನಡುವೆ ಮಲ್ಟಿಮೀಟರ್ ಹಿಡಿದು ನೋಡಿ. ಬೀಪ್ ಬಂದರೆ ಮೊದಲು ಆ ಬೆಸುಗೆಯನ್ನೇ ಪರೀಕ್ಷಿಸಿ.