ಕೈಗೆ ಬಂದದ್ದು, ಕಾಗದಕ್ಕೆ ಬಾರದ್ದು

ನಮ್ಮ ಕ್ಯಾತ್ಸಂದ್ರದಿಂದ ನರ್ಸಿಂಗ್ ಓದಲು ಹೋಗುವ ಹೆಣ್ಣುಮಕ್ಕಳು ಬಹಳ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲೇ ಓದಿ, ಮೊದಲ ವರ್ಷದ ಇಂಗ್ಲಿಷ್ ಅನಾಟಮಿ ಪುಸ್ತಕದ ಮುಂದೆ ಕಂಗಾಲಾಗುವವರೂ ಉಂಟು. ನಪಾಸಾದ ಮೇಲೆ ಅವರು ನನ್ನನ್ನು ಕೇಳುವುದು ಒಂದೇ ಮಾತು: "ಮಿಸ್, ಮತ್ತೆ ಹೋಗಲೋ, ಬಿಟ್ಟುಬಿಡಲೋ?" ಮನೆಯಲ್ಲಿ ಗಂಡು ನೋಡುವ ಆತುರ, ಇನ್ನೊಂದು ವರ್ಷದ ಫೀಸು ಅಪ್ಪನ ತಲೆಯ ಮೇಲೆ. ಚರಿತ್ರೆ ಪಾಠ ಹೇಳಿದವಳಾದ್ದರಿಂದ ನಾನು ಉತ್ತರವನ್ನೂ ಅಲ್ಲಿಯೇ ಹುಡುಕುತ್ತೇನೆ.

ನಮ್ಮ ಜಿಲ್ಲೆಯದೇ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರನ್ನು ನೆನೆಯಿರಿ. ಅಕ್ಷರ ಕಲಿಯದ ಆ ತಾಯಿ ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಒಂದು ಪರೀಕ್ಷೆಗೂ ಕೂರದ ಕೈ ಅದು. ಹಾಗಾದರೆ ನಮಗೇಕೆ ಈ ಪರೀಕ್ಷೆ ಎಂದು ಹುಡುಗಿಯರು ಕೇಳಿದರೆ ತಪ್ಪಿಲ್ಲ.

ಈ ಪ್ರಶ್ನೆ ಹಳೆಯದು. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ತೆರೆಸಿದಾಗ ಮೊದಲ ತಂಡದಲ್ಲಿದ್ದವರು 15 ಮಂದಿ. ಅವರ ಸಮಯಪಾಲನೆ, ಶುಚಿತ್ವ, ನಂಬಿಕಸ್ತಿಕೆಗಳನ್ನು ಮೇಟ್ರನ್ ತಿಂಗಳು ತಿಂಗಳೂ ಬರೆದಿಡುತ್ತಿದ್ದರು. ಒಳ್ಳೆಯ ದಾದಿಯ ಗುಣವನ್ನು ಬರೆವಣಿಗೆಯ ಪರೀಕ್ಷೆ ಅಳೆಯಲಾರದು ಎಂಬುದು ನೈಟಿಂಗೇಲರ ನಂಬಿಕೆ.

ಎಥೆಲ್ ಬೆಡ್‌ಫರ್ಡ್ ಫೆನ್‌ವಿಕ್ ಎಂಬಾಕೆ ಇದನ್ನು ಒಪ್ಪಲಿಲ್ಲ. 1887ರಲ್ಲಿ ಬ್ರಿಟಿಷ್ ದಾದಿಯರ ಸಂಘ ಕಟ್ಟಿ, ಮೂರು ವರ್ಷದ ತರಬೇತಿ, ಪರೀಕ್ಷೆ, ನೋಂದಣಿ ಬೇಕೇಬೇಕೆಂದು ಹಟ ಹಿಡಿದರು. ನೈಟಿಂಗೇಲ್ ಕೊನೆಯವರೆಗೂ ಒಪ್ಪದೆ 1910ರಲ್ಲಿ ತೀರಿಕೊಂಡರು. ಬ್ರಿಟನ್ನಿನಲ್ಲಿ ನೋಂದಣಿ ಕಾನೂನು ಬಂದದ್ದು 1919ರಲ್ಲಿ. ಫೆನ್‌ವಿಕ್ ಹಿಡಿದ ಹಟ ಗೆಲ್ಲಲು ಮೂವತ್ತೆರಡು ವರ್ಷ ಬೇಕಾಯಿತು.

ನಮ್ಮ ದೇಶವೂ ಆ ದಾರಿಯನ್ನೇ ಹಿಡಿಯಿತು. ಮದರಾಸು ಪ್ರಾಂತದಲ್ಲಿ 1926ರ ಕಾನೂನು, ಇಡೀ ದೇಶಕ್ಕೆ 1947ರ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾನೂನು, ನಮ್ಮ ರಾಜ್ಯಕ್ಕೆ 1961ರದು. ಇದರ ಕಾರಣ ಸರಳ. ಕೃಷ್ಣಾಪುರದವರಿಗೆ ನರಸಮ್ಮನವರ ಕೈಗುಣ ಗೊತ್ತಿತ್ತು. ಜಿಲ್ಲಾಸ್ಪತ್ರೆಯ ವಾರ್ಡಿನಲ್ಲಿ ಮಲಗಿದವಳಿಗೆ ಸೂಜಿ ಹಿಡಿದು ಬಂದವಳು ಯಾರೆಂದು ಗೊತ್ತಿರುವುದಿಲ್ಲ. ಆ ಪರಿಚಯವಿಲ್ಲದವಳ ಧೈರ್ಯಕ್ಕಾಗಿ ಪರೀಕ್ಷೆ. ಔಷಧದ ಅಳತೆ ತಪ್ಪಿದರೆ ಹೋಗುವುದು ಜೀವ.

ಆದರೂ ನೈಟಿಂಗೇಲರ ಮಾತು ಪೂರ್ತಿ ಸೋತಿಲ್ಲ. ಇಂದು ನರ್ಸಿಂಗಿನ ಮುಖ್ಯ ವಿಷಯಗಳಲ್ಲಿ ಬರೆವಣಿಗೆಯೇ ಬೇರೆ, ಪ್ರಾಯೋಗಿಕವೇ ಬೇರೆ, ಎರಡರಲ್ಲೂ ಶೇ. 50 ಬರಬೇಕು. ಮಗಳು ನಪಾಸಾಗಿ ಬಂದರೆ, ತಾಯಂದಿರೇ, ಯಾವುದರಲ್ಲಿ ಎಂದು ಮೊದಲು ಕೇಳಿ. ಪುಸ್ತಕದಲ್ಲಿ ಸೋತು ವಾರ್ಡಿನಲ್ಲಿ ಗೆದ್ದಿದ್ದರೆ, ಸೋತದ್ದು ಹೆಚ್ಚಾಗಿ ಇಂಗ್ಲಿಷು. ದಿನಕ್ಕೆ ಹತ್ತು ಪದ ಕಲಿತರೆ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬರೆದು ಬರೆದು ಅಭ್ಯಾಸ ಮಾಡಿದರೆ, ಅದು ವರ್ಷದೊಳಗೆ ತುಂಬುವ ಕೊರತೆ. ಅವಳನ್ನು ಮತ್ತೆ ಕಳಿಸಿ. ಮದುವೆ ಒಂದು ವರ್ಷ ಕಾಯಲಿ. ರಾತ್ರಿ ಪಾಳಿ, ಗಾಯದ ವಾಸನೆ, ರೋಗಿಯ ನರಳಾಟವೇ ಅವಳಿಗೆ ಆಗದಿದ್ದರೆ, ಬಲವಂತ ಬೇಡ. ಆಗ ಬಿಟ್ಟು ಬರುವುದು ಅವಮಾನವಲ್ಲ, ರೋಗಿಗಳಿಗೂ ಅದೇ ಕ್ಷೇಮ. ಹೇಗಾದರೂ ಆಗಲಿ, ಈ ತೀರ್ಮಾನ ಗಂಡಿನ ಕಡೆಯವರದೂ ಅಲ್ಲ, ನೆರೆಮನೆಯವರದೂ ಅಲ್ಲ. ವಾರ್ಡಿನಲ್ಲಿ ನಿಂತು ಕೆಲಸ ಮಾಡಬೇಕಾದವಳು ಅವಳೇ.