ಗೋಡೆಯ ಗೀಚು, ಕಾವಿಯ ಗೆರೆ

ಊರೊಳಗಿನ ಓಣಿಗಳಲ್ಲಿ ಗೋಡೆಗಳಿಗೆ ನೆಮ್ಮದಿಯೆಂಬುದಿಲ್ಲ. ‘ಇಲ್ಲಿ ಜಾಹೀರಾತು ಹಚ್ಚಬಾರದು’ ಎಂದು ಮನೆಯ ಯಜಮಾನರು ದಪ್ಪಕ್ಷರದಲ್ಲಿ ಬರೆಸುತ್ತಾರೆ. ಆ ಬರಹದ ನೆತ್ತಿಯ ಮೇಲೆಯೇ ಮರುದಿನ ಯಕ್ಷಗಾನದ ಪ್ರಕಟನೆಯೊಂದು ಬಂದು ಕೂರುತ್ತದೆ. ಶಾಲೆಯಿಂದ ಮರಳುವ ಹುಡುಗ ಮೊಳೆಯಿಂದ ತನ್ನ ಹೆಸರನ್ನೂ, ಪಕ್ಕದಲ್ಲಿ ಇನ್ನೊಂದು ಹೆಸರನ್ನೂ ಗೀಚಿ ಓಡುತ್ತಾನೆ. ನಾವು ನೋಡಿ ಗೊಣಗುತ್ತೇವೆ. ಕಾಲ ಕೆಟ್ಟಿತು ಎನ್ನುತ್ತೇವೆ.

ಕಾಲ ಕೆಟ್ಟು ಬಹಳ ಕಾಲವಾಯಿತು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೇಯಿ ನಗರವನ್ನು ಅಗೆದು ತೆಗೆದಾಗ, ಅಲ್ಲಿಯ ಬೀದಿಗೋಡೆಗಳ ಮೇಲೆ ಚುನಾವಣೆಯ ಘೋಷಣೆಗಳೂ ಪ್ರಣಯದ ಮಾತುಗಳೂ ಬೈಗುಳಗಳೂ ಸಾವಿರಗಟ್ಟಲೆ ದೊರೆತವು. ಇಂತಹ ಬರಹಗಳಿಗೆ ವಿದ್ವಾಂಸರು ‘ಗ್ರಾಫಿಟಿ’ ಎಂದರು. ಇಟಾಲಿಯನ್ ಭಾಷೆಯಲ್ಲಿ ‘ಗೀಚು, ಕೆರೆ’ ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಮಾತು ಅದು. ಅದೇ ಧಾತುವಿನಿಂದ ‘ಸ್ಗ್ರಾಫಿಟೊ’ ಎಂಬ ಇನ್ನೊಂದು ಮಾತೂ ಹುಟ್ಟಿದೆ. ಒಂದು ಬಣ್ಣದ ಗಾರೆಯ ಮೇಲೆ ಇನ್ನೊಂದು ಬಣ್ಣದ ಗಾರೆ ಬಳಿದು, ಮೇಲಿನದನ್ನು ಕೆರೆದು ಕೆಳಗಿನದನ್ನು ಕಾಣಿಸಿ ಚಿತ್ರ ಬಿಡಿಸುವ ವಿದ್ಯೆಗೆ ಆ ಹೆಸರು. ಪುಂಡ ಹುಡುಗನ ಗೀಚೂ ಕುಶಲಿಯ ಕಲೆಯೂ ಹೀಗೆ ಒಂದೇ ಬೇರಿನ ಎರಡು ಕವಲುಗಳು. ಈ ಎರಡನೆಯ ಕವಲನ್ನು ನೋಡಲು ನಾವು ಇಟಲಿಗೆ ಹೋಗಬೇಕಾಗಿಲ್ಲ. ಕುಮಟೆ, ಹೊನ್ನಾವರ, ಭಟ್ಕಳಗಳ ದಾರಿ ಹಿಡಿದರೆ ಸಾಕು. ಅಲ್ಲಿ ಅದರ ಹೆಸರು ಕಾವಿ ಕಲೆ.

ಕಾವಿ ಎಂದೊಡನೆ ನಮಗೆ ಸಂನ್ಯಾಸಿಯ ಬಟ್ಟೆ ನೆನಪಾಗುತ್ತದೆ. ಇಲ್ಲಿಯ ಕಾವಿ ಕೆಮ್ಮಣ್ಣಿನ ಬಣ್ಣ. ಗೋವೆಯಿಂದ ಕೆಳಗೆ ಉತ್ತರ ಕನ್ನಡದ ಕರಾವಳಿಯುದ್ದಕ್ಕೂ ದೇವಾಲಯಗಳ, ಹಳೆಯ ಮನೆಗಳ ಗೋಡೆಗಳ ಮೇಲೆ ಬಿಳಿ ಮತ್ತು ಕೆಂಪು ಎಂಬ ಎರಡೇ ಬಣ್ಣಗಳಲ್ಲಿ ಬಿಡಿಸಿದ ಚಿತ್ರಗಳಿವು. ಕುಮಟೆಯ ಮಹಾಲಸಾ ನಾರಾಯಣಿ ದೇವಾಲಯ, ಭಟ್ಕಳ ತಾಲೂಕಿನ ಶಿರಾಲಿಯ ಮಹಾಗಣಪತಿ ಮಹಾಮಾಯಾ ದೇವಾಲಯ—ಕಾವಿ ಕಲೆಯ ಮಾತು ಬಂದಾಗ ಮೊದಲು ನೆನಪಿಗೆ ಬರುವ ಹೆಸರುಗಳು.

ಇದರ ವಿಧಾನವನ್ನು ಕೊಂಚ ವಿವರವಾಗಿಯೇ ಹೇಳಬೇಕು. ಕಲೆಯ ಗುಟ್ಟೆಲ್ಲ ಅದರಲ್ಲಿದೆ. ಹೊಳೆ ಕಡಲು ಸೇರುವಲ್ಲಿ ದೊರೆಯುವ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಾರೆ. ಅದಕ್ಕೆ ತೊಳೆದ ಹೊಳೆಮರಳು ಬೆರೆಸಿ, ಬೆಲ್ಲದ ನೀರು ಹಾಕಿ, ಹಲವು ದಿನ ಕೊಳೆಯಲು ಬಿಡುತ್ತಾರೆ. ಬಳಿಕ ಕುಟ್ಟಿ ಕುಟ್ಟಿ ಬೆಣ್ಣೆಯಂತೆ ಮಾಡಿ ಗೋಡೆಗೆ ಬಳಿಯುತ್ತಾರೆ. ಇದು ಬಿಳಿಯ ಹಾಸು. ಅದರ ಮೇಲೆ, ಅದೇ ಗಾರೆಗೆ ಕೆಂಪು ಬೆರೆಸಿದ ತೆಳುವಾದ ಇನ್ನೊಂದು ಹಾಸು. ಈ ಕೆಂಪು ಹಸಿಯಾಗಿರುವಾಗಲೇ ಕುಶಲಿಯು ಕೈವಾರದಿಂದ ವೃತ್ತಗಳನ್ನೆಳೆದು, ಮೊನಚಾದ ಉಕ್ಕಿನ ಕಂಟದಿಂದ ಕೆರೆಯಲಾರಂಭಿಸಬೇಕು. ಕೆರೆದಲ್ಲಿ ಬಿಳಿ ಮೂಡುತ್ತದೆ. ಬಿಟ್ಟಲ್ಲಿ ಕೆಂಪು ನಿಲ್ಲುತ್ತದೆ. ಗಾರೆ ಬಿಗಿಯುವುದರೊಳಗೆ ಕೆಲಸ ಮುಗಿಯಬೇಕು. ತಪ್ಪಿದ ಗೆರೆಯನ್ನು ಅಳಿಸುವ ಮಾತಿಲ್ಲ. ಕುಂಚ ಹಿಡಿದವನು ನಾಳೆ ತಿದ್ದಬಹುದು. ಕಂಟ ಹಿಡಿದವನಿಗೆ ನಾಳೆ ಎಂಬುದಿಲ್ಲ.

ಹೀಗೆ ಬಿಡಿಸಿದ ಚಿತ್ರ ಗೋಡೆಯ ಮೇಲಿನ ಬಣ್ಣವಲ್ಲ, ಗೋಡೆಯೇ ಆಗಿಬಿಡುತ್ತದೆ. ಸುಣ್ಣವು ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ಮೆಲ್ಲಮೆಲ್ಲನೆ ಕಲ್ಲಾಗುತ್ತದೆ. ಅದರೊಡನೆ ಕೆಂಪೂ ಕಲ್ಲಾಗುತ್ತದೆ. ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ. ನೀರಿನಲ್ಲಿ ಕಲಸಿ ಹಚ್ಚಿದ ಬಣ್ಣ ಒಂದು ಆಷಾಢವನ್ನು ತಾಳಲಾರದು. ಕಟ್ಟುವ ಕಲ್ಲೋ ತೂತು ತೂತಾದ ಚಿರೇಕಲ್ಲು. ಶಿಲ್ಪಿಯ ನಯವಾದ ಉಳಿಗೆ ಅದು ಒಗ್ಗದು, ಗಾರೆಯನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕಲ್ಲು, ಚಿಪ್ಪು, ಕೆಮ್ಮಣ್ಣು, ಮಳೆ—ನಾಲ್ಕನ್ನೂ ಅರಿತವರು ಕಂಡುಕೊಂಡ ಉಪಾಯವಿದು.

ಬಣ್ಣದ ಹೆಸರಿನಲ್ಲಿ ಇನ್ನೊಂದು ಇತಿಹಾಸ ಅಡಗಿದೆ. ಕೆಂಪು ಮಣ್ಣಿಗೆ ನಮ್ಮಲ್ಲಿ ಹುರಮಂಜಿ ಎಂಬ ಹೆಸರೂ ಉಂಟು. ಇದು ಪಾರಸ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್ ದ್ವೀಪದ ಹೆಸರಿನ ತದ್ಭವ. ಆ ದ್ವೀಪದ ಮಣ್ಣು ಇಂದಿಗೂ ತನ್ನ ಕೆಂಪಿಗೆ ಪ್ರಸಿದ್ಧ. ವಿಜಯನಗರದ ಕಾಲದಲ್ಲಿ ಭಟ್ಕಳಕ್ಕೆ ಕುದುರೆಗಳು ಬರುತ್ತಿದ್ದುದು ಈ ಹೋರ್ಮುಜಿನಿಂದಲೇ. ಅಕ್ಕಿ, ಸಕ್ಕರೆ, ಕಬ್ಬಿಣ ತುಂಬಿದ ಹಡಗುಗಳು ಭಟ್ಕಳದಿಂದ ಅಲ್ಲಿಗೆ ಹೋಗುತ್ತಿದ್ದವೆಂದು 16ನೆಯ ಶತಮಾನದ ಪೋರ್ತುಗೀಜ ಬರಹಗಾರ ಬಾರ್ಬೋಸಾ ಹೇಳುತ್ತಾನೆ. 1542ರಲ್ಲಿ ಪೋರ್ತುಗೀಜರು ಭಟ್ಕಳವನ್ನು ಸುಟ್ಟರು. ಕುದುರೆಯ ವ್ಯಾಪಾರ ಎಂದೋ ಮುಗಿಯಿತು. ಆದರೆ ಮನೆಯ ಮುಂದೆ ರಂಗೋಲಿಗೆ ಕೆಂಪು ಅಂಚು ಕಟ್ಟುವ ಗೃಹಿಣಿಯ ಬಾಯಲ್ಲಿ ಆ ದೂರದ ಬಂದರಿನ ಹೆಸರು ಉಳಿದುಬಂದಿದೆ.

ಅದೇ ಶತಮಾನದ ಮೂಡಭಟ್ಕಳದ ಖೇತಪೈ ನಾರಾಯಣ ದೇವಾಲಯವನ್ನು ಪ್ರವಾಸಿಗಳು ನೋಡುತ್ತಾರೆ. ಶಿಲೆಯ ಹೊರಗೋಡೆಯ ಮೇಲೆ ಸಾಲುಸಾಲಾಗಿ ರಾಮಾಯಣದ ಕಥೆ; ನಡುನಡುವೆ ಲೌಕಿಕ ಜೀವನದ ನೋಟಗಳು. ಹಣವಿದ್ದ ವರ್ತಕನು ಶಿಲೆಯಲ್ಲಿ ಮಾಡಿಸಿದ್ದನ್ನು ಚಿಪ್ಪು ಮಣ್ಣುಗಳಲ್ಲಿ ಮಾಡುವ ದಾರಿಯನ್ನು ಕಾವಿ ಕಲೆ ತೆರೆಯಿತು. ಅವತಾರಗಳು, ಗಂಡಭೇರುಂಡ, ಕಮಲ, ಬಳ್ಳಿ, ಚಕ್ರದೊಳಗೆ ಚಕ್ರ ಎಲ್ಲವೂ ಅದರಲ್ಲಿ ಬಂದವು. ಗರ್ಭಗುಡಿಯ ದರ್ಶನ ಎಲ್ಲರ ಪಾಲಿಗೂ ಇಲ್ಲದಿದ್ದ ಕಾಲವದು. ಒಳಗೆ ಹೋಗಲಾರದವನಿಗೂ ಹೊರಗೋಡೆ ಕಾಣುತ್ತಿತ್ತು. ಮೀನಬುಟ್ಟಿ ಹೊತ್ತು ಓಣಿಯಲ್ಲಿ ನಡೆದವಳಿಗೆ ಯಾರ ಅಪ್ಪಣೆಯೂ ಇಲ್ಲದೆ ದೊರೆತ ದೇವರು ಈ ಗೋಡೆಯ ದೇವರು. ಓಣಿಯ ಕಲೆ ಎಂದು ಇದನ್ನು ಕರೆಯಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಇಟಲಿಯಲ್ಲಿಯೂ ಅಷ್ಟೆ. ಫ್ಲಾರೆನ್ಸ್, ರೋಮ್ ನಗರಗಳಲ್ಲಿ ಸಿರಿವಂತರು ತಮ್ಮ ಮನೆಗಳ ಬೀದಿಯ ಕಡೆಯ ಗೋಡೆಗಳಿಗೆ ಸ್ಗ್ರಾಫಿಟೊ ಮಾಡಿಸುತ್ತಿದ್ದರು. ಸುಟ್ಟ ಹುಲ್ಲಿನಿಂದ ಗಾರೆಯನ್ನು ಕಪ್ಪಾಗಿಸಿ, ಮೇಲೆ ಸುಣ್ಣದ ಬಿಳಿ ಬಳಿದು ಗೀರುವ ಕ್ರಮವನ್ನು 16ನೆಯ ಶತಮಾನದ ವಸಾರಿ ವಿವರಿಸಿದ್ದಾನೆ. ಅವರದು ಬಿಳಿಯನ್ನು ಕೆರೆದು ಕಪ್ಪನ್ನು ತೋರಿಸುವ ಬಗೆ. ನಮ್ಮದು ಕೆಂಪನ್ನು ಕೆರೆದು ಬಿಳಿಯನ್ನು ತೋರಿಸುವ ಬಗೆ. ಅವರಿಗೆ ಒಬ್ಬ ವಸಾರಿ ಇದ್ದನು.

ನಮಗೆ ಆ ಕೆಲಸ ಮಾಡಿದವರು ಹೊನ್ನಾವರದಲ್ಲಿ ಹುಟ್ಟಿದ ಕೃಷ್ಣಾನಂದ ಕಾಮತರು (1934–2002). ವಿದ್ಯೆಯಿಂದ ಕೀಟವಿಜ್ಞಾನಿ, ಅಮೆರಿಕೆಯಲ್ಲಿ ಓದಿ ಬಂದವರು. ಕೀಟದ ರೆಕ್ಕೆಯ ಗೆರೆಗಳನ್ನು ನೋಡುವ ಅದೇ ತಾಳ್ಮೆಯಿಂದ ತಮ್ಮ ಸೀಮೆಯ ಗೋಡೆಗಳನ್ನು ನೋಡಿ, ಛಾಯಾಚಿತ್ರ ತೆಗೆದು, ಲೇಖನಗಳನ್ನು ಬರೆದು, ಇದೊಂದು ಕಲೆ ಎಂದು ನಾಡಿಗೆ ತಿಳಿಸಿದರು. ಈಚೆಗೆ ಉಡುಪಿಯ ಕಲಾವಿದ ಡಾ. ಜನಾರ್ದನ ಹಾವಂಜೆಯವರು ಇದನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡು, ಸುಣ್ಣ ಕೆಮ್ಮಣ್ಣುಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ.

ಆದರೆ ಗೋಡೆಗಳು ಕಾಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಸಣ್ಣ ಗುಡಿಗೆ ಹೋಗಿದ್ದೆ. ಹಿಂದೊಮ್ಮೆ ಅಲ್ಲಿ ಕಾವಿಯ ಒಂದು ಗಣಪತಿಯನ್ನು ಕಂಡಿದ್ದೆ. ಸೊಂಡಿಲಿನ ಸುರುಳಿಯನ್ನು ಕೈ ಎತ್ತದೆ ಒಂದೇ ಗೆರೆಯಲ್ಲಿ ಎಳೆದಂತಿತ್ತು. ಈ ಸಲ ಅಲ್ಲಿ ಹೊಳೆಯುವ ಎಣ್ಣೆಬಣ್ಣದ ನುಣುಪು ಗೋಡೆ, ಅದರ ಮೇಲೆ ದಾನಿಗಳ ಹೆಸರುಗಳ ಸಾಲು. “ಹಳೇದು ಮಂಕಾಗಿತ್ತು ಮಾಸ್ತರೆ, ಜೀರ್ಣೋದ್ಧಾರ ಮಾಡಿದ್ವು” ಎಂದು ಹಿರಿಯರೊಬ್ಬರು ಸಂತೋಷದಿಂದಲೇ ಹೇಳಿದರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕೈಯಿಂದ ಹಣ ಹಾಕಿ, ನಿಂತು ಮಾಡಿಸಿದ್ದರು. ನಾನೇನು ಹೇಳಲಿ? ಮೊದಲ ಸಲ ಹೋದಾಗ ನಾನೂ ಆ ಗಣಪತಿಯ ಒಂದು ಚಿತ್ರ ತೆಗೆದುಕೊಂಡಿರಲಿಲ್ಲ.

ಮಳೆಗಾಲಗಳು ಅಳಿಸಲಾರದ್ದನ್ನು ಅಳಿಸಲು ಶತ್ರುವೇ ಬರಬೇಕೆಂದಿಲ್ಲ. ಒಂದು ಡಬ್ಬಿ ಬಣ್ಣ, ಎರಡು ಚೀಲ ಸಿಮೆಂಟು, ಸದುದ್ದೇಶ ಇಷ್ಟು ಸಾಕು. ಗೋಡೆ ಕೆಡಹುವ ಮುನ್ನ ಛಾಯಾಚಿತ್ರ ತೆಗೆಸುವುದು, ಗೆರೆಗಳ ಪ್ರತಿ ಮಾಡಿಸುವುದು, ಬಲ್ಲವರನ್ನು ಕರೆದು ಕೇಳುವುದು—ಇವಕ್ಕೆ ತಗಲುವ ವೆಚ್ಚ ಒಂದು ಅನ್ನಸಂತರ್ಪಣೆಯದಕ್ಕಿಂತ ಹೆಚ್ಚಲ್ಲ. ಜೀರ್ಣವಾದದ್ದನ್ನು ಉದ್ಧರಿಸುವುದಲ್ಲವೆ ಜೀರ್ಣೋದ್ಧಾರ?

ಓಣಿಯ ಹುಡುಗ ಮೊಳೆಯಿಂದ ಗೀಚುವುದು ತನ್ನ ಹೆಸರನ್ನು. ದಾನಿಗಳು ಬರೆಸಿದ್ದೂ ತಮ್ಮ ಹೆಸರನ್ನೇ. ಕಂಟ ಹಿಡಿದ ಆ ಹಳೆಯ ಕುಶಲಿಯು ದೇವರನ್ನು ಬರೆದನು, ಬಳ್ಳಿಯನ್ನು ಬರೆದನು. ನಾನು ಕಂಡ ಗೋಡೆಗಳಲ್ಲೆಲ್ಲೂ ತನ್ನ ಹೆಸರಿಗೆ ಒಂದು ಅಂಗುಲದ ಸ್ಥಳವನ್ನೂ ಇಟ್ಟುಕೊಳ್ಳಲಿಲ್ಲ.